ಕೋಣೆಯಲ್ಲಿ ಯಾರೂ ಇಲ್ಲ

ಹೊನ್ನಗಲ್ಲಿನ ನಲ್ಲಿಗಳಲ್ಲಿ ದಿನವೂ ನೀರು ಬರತೊಡಗಿದ್ದು ಮನೆಮನೆಗೆ ‘ಕಣ್ಣು’ ಬಂದ ಮೇಲೆ. ಅದಕ್ಕೂ ಮೊದಲು ಆ ಊರಿನಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಅದೇ ದೊಡ್ಡದು. ನದಿ ದೂರವಿದ್ದರೂ ಅದರಲ್ಲಿ ನೀರಿತ್ತು. ಆ ನೀರನ್ನು ಬಯಲು ದಾಟಿಸಿ, ಗುಡ್ಡದ ಮೇಲಿನ ಟಾಕಿಗೆ ಏರಿಸಲು ಬೇಕಾದಷ್ಟು ಕರೆಂಟು ಮಾತ್ರ ಊರಿನ ಪಾಲಿಗೆ ಸಿಗುತ್ತಿರಲಿಲ್ಲ. ಪ್ರತಿ ನಗರಕ್ಕೂ ಇಷ್ಟೇ ಎಂದು ವಿದ್ಯುತ್ತನ್ನು ಅಳೆದು ಕೊಡುವ ಕಾಲ ಬಂದಿತ್ತು. ಮನೆಗಳು ಬಳಸಿ ಮಿಕ್ಕಿದ್ದು ಪಂಪುಗಳಿಗೆ, ಆಸ್ಪತ್ರೆಗೆ, ಬಸ್ಸುಗಳಿಗೆ. ಬೇಸಿಗೆಯಲ್ಲಿ ಮಿಗುತ್ತಿದ್ದದ್ದು ಅಷ್ಟಕ್ಕಷ್ಟೆ.

ಮನೆಗಳಿಗೆ ಹೋಗುವ ಕರೆಂಟಿನಲ್ಲಿ ಎಷ್ಟು ಬಳಕೆ, ಎಷ್ಟು ಪೋಲು? ಊರಿನ ವಿದ್ಯುತ್ ಮಿತವ್ಯಯ ಕೇಂದ್ರದ ಎಂಜಿನಿಯರ್ ಮಂದಾಕಿನಿ ಕುಂದರಗಿ ತನ್ನ ಕೆಲಸ ಶುರು ಮಾಡಿದ್ದು ಈ ಪ್ರಶ್ನೆಯಿಂದ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು, ಯಾರೂ ನೋಡದ ಟೀವಿ, ಹಗಲಿಡೀ ಉರಿಯುವ ಬಚ್ಚಲ ದೀಪ. ಆರಿಸಬೇಕೆಂದು ಎಲ್ಲರಿಗೂ ಗೊತ್ತು, ಆದರೆ ನೆನಪಾಗುವುದಿಲ್ಲ. ಆ ನೆನಪಿಡುವ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸಿದರೆ ಹೇಗೆ?

ಹಾಗೆ ಹುಟ್ಟಿದ್ದು ಅಂಗೈಯಗಲದ ಒಂದು ಬಿಳಿ ಬಿಲ್ಲೆ. ಕೋಣೆಯ ಸೂರಿಗೆ ಅಂಟಿಸಿದರಾಯಿತು. ಅದರಲ್ಲಿ ಕ್ಯಾಮೆರಾ ಇರಲಿಲ್ಲ, ಅದು ಯಾರ ಚಿತ್ರವನ್ನೂ ತೆಗೆಯುತ್ತಿರಲಿಲ್ಲ. ಹುಡುಕುತ್ತಿದ್ದದ್ದು ಎರಡೇ ಸಂಗತಿ. ಒಂದು, ಸುತ್ತಲಿನ ಗೋಡೆ ನೆಲಗಳಿಗಿಂತ ಬೆಚ್ಚಗಿರುವ ಮೈ. ಇನ್ನೊಂದು, ಅಲುಗಾಟ. ಅದಕ್ಕಾಗಿ ಸಣ್ಣದೊಂದು ರೇಡಿಯೋ ಅಲೆಯನ್ನು ಕೋಣೆಯೊಳಗೆ ಹಾಯಿಸಿ, ಅದು ಮರಳುವಾಗ ಆಗುವ ವ್ಯತ್ಯಾಸವನ್ನು ಗಮನಿಸುತ್ತಿತ್ತು. ಎರಡರಲ್ಲಿ ಒಂದು ಸಿಕ್ಕರೂ ಕೋಣೆಯಲ್ಲಿ ಮನುಷ್ಯರಿದ್ದಾರೆಂದು ಅರ್ಥ. ಎರಡೂ ಸಿಗದಿದ್ದರೆ ಕೋಣೆ ಖಾಲಿ. ಸ್ವಲ್ಪ ಹೊತ್ತು ಕಾದು, ಆ ಕೋಣೆಯ ಸ್ವಿಚ್ಚುಗಳನ್ನು ಟಪ್ಪೆಂದು ಆರಿಸುತ್ತಿತ್ತು. ಮರಳಿ ಬಂದವರು ಬೇಕೆಂದರೆ ತಾವೇ ಮತ್ತೆ ಒತ್ತಿಕೊಳ್ಳಬೇಕು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಅದನ್ನು ಕಣ್ಣು ಎಂದರು.

ಮೊದಲು ಅದನ್ನು ಪರೀಕ್ಷಿಸಿದ್ದು ರಾಜಧಾನಿಯ ಪ್ರಯೋಗಾಲಯದಲ್ಲಿ, ಜನವರಿಯಲ್ಲಿ. ತಣ್ಣನೆಯ ಕೋಣೆಯಲ್ಲಿ ಮಂದಾಕಿನಿಯ ಸಹೋದ್ಯೋಗಿಗಳು ಚಾಪೆ ಹಾಸಿಕೊಂಡು ನಿದ್ದೆ ಹೋದರು. ಕೂತವರನ್ನು, ಮಲಗಿದವರನ್ನು, ಕಂಬಳಿ ಹೊದ್ದವರನ್ನು, ಎಲ್ಲರನ್ನೂ ಕಣ್ಣು ಗುರುತಿಸಿತು. ಒಬ್ಬರನ್ನೂ ಬಿಡಲಿಲ್ಲ.

ಹೊನ್ನಗಲ್ಲಿನ ಜನ ಅದಕ್ಕೆ ಬೇಗ ಹೊಂದಿಕೊಂಡರು. ಮೊದಮೊದಲು ಸ್ನಾನಕ್ಕೆ ಹೋಗುವ ಹೆಂಗಸರು ಸೂರಿನತ್ತ ನೋಡಿ ಅಳುಕುತ್ತಿದ್ದರು. ಆಮೇಲೆ ಅದು ಹಲ್ಲಿಯ ಹಾಗೆ, ಇದ್ದರೂ ಇಲ್ಲದಂತಾಯಿತು. ಕಡಿಮೆ ಕರೆಂಟು ಬಳಸಿದ ಮನೆಯ ಬಾಗಿಲ ಮೇಲೆ ಒಂದು ಪುಟ್ಟ ಹಸಿರು ದೀಪ ಹತ್ತುತ್ತಿತ್ತು. ಆ ಮನೆಗೆ ಒಂದು ಗಂಟೆ ಹೆಚ್ಚು ನೀರು. ಸಂಜೆಯಾದರೆ ಇಡೀ ಸಂಸಾರ ಒಂದೇ ಕೋಣೆಯಲ್ಲಿ ಕೂತು ಓದುವುದು, ಉಣ್ಣುವುದು, ಜಗಳಾಡುವುದು ರೂಢಿಯಾಯಿತು. ಯಾರ ಮನೆಯ ಹಸಿರು ಆರಿತು, ಯಾರದು ಹತ್ತಿತು ಎಂಬುದು ಓಣಿಯ ಕಟ್ಟೆಯ ಮೇಲಿನ ಮಾತಾಯಿತು.

ಮಂದಾಕಿನಿಯ ಮನೆ ಇದ್ದ ಓಣಿಯಲ್ಲೇ, ನಾಲ್ಕು ಮನೆ ಆಚೆ, ತಗಡಿನ ಮಾಡಿನ ಒಂದು ಕೋಣೆಯ ಮನೆಯಲ್ಲಿ ಚನ್ನವೀರಪ್ಪ ಮತ್ತು ದ್ರಾಕ್ಷಾಯಣಿ ಇದ್ದರು. ಚನ್ನವೀರಪ್ಪ ಮೊದಲು ಊರಿಗೆ ನೀರು ಬಿಡುವ ಕೆಲಸದಲ್ಲಿದ್ದವನು. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಸೈಕಲ್ಲಿನಲ್ಲಿ ಓಣಿ ಓಣಿ ತಿರುಗಿ, ವಾಲ್ವ್ ತೆರೆದು ಮುಚ್ಚುತ್ತಿದ್ದ. ಅವನ ಸೈಕಲ್ ಗಂಟೆ ಕೇಳಿದರೆ ಜನ ಕೊಡ ಹಿಡಿದು ಓಡುತ್ತಿದ್ದರು. ತಡವಾದರೆ ಬೈಯುತ್ತಿದ್ದರು. ಬೈದವರನ್ನೇ ಮರುದಿನ ಹೆಸರು ಹಿಡಿದು ಕರೆದು ಮಾತಾಡಿಸುವ ಸ್ವಭಾವ ಅವನದು. ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಮಂಚ ಹಿಡಿದ. ಕೈಕಾಲು ಆಡುತ್ತಿರಲಿಲ್ಲ. ಮಾತು ಹೋಗಿ ‘ಹಾಂ’ ಎಂಬ ಒಂದು ದನಿ ಉಳಿದಿತ್ತು. ತಿಳಿವಳಿಕೆ ಮಾತ್ರ ಪೂರಾ ಇತ್ತು.

ದ್ರಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಬೆಳಿಗ್ಗೆ ಮನೆಯಲ್ಲೇ ಮಾಡಿ ಓಣಿಯವರಿಗೆ ಕೊಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ಬಸ್‌ಸ್ಟ್ಯಾಂಡ್ ಬಳಿಯ ಖಾನಾವಳಿಗೆ ಹೋಗುತ್ತಿದ್ದಳು. ಗಂಡನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಫ್ಯಾನು ಹಾಕಿ, ಬಾಗಿಲು ಮುಂದೆಮಾಡಿ ಹೋದರೆ ಬರುವುದು ಊಟದ ಗದ್ದಲ ಮುಗಿದ ಮೇಲೆ.

ದಿನವೂ ನೀರು ಬರತೊಡಗಿದ ಮೊದಲ ವಾರ ಮಂದಾಕಿನಿ ರೊಟ್ಟಿ ತರಲು ಹೋದಾಗ ಅವರ ಮನೆಯಲ್ಲಿ ಹಬ್ಬದ ಕಳೆಯಿತ್ತು. ದ್ರಾಕ್ಷಾಯಣಿ ಗಂಡನ ತಲೆಗೆ ನೀರು ಹಾಕಿ, ಕ್ರಾಪು ಬಾಚಿ, ಹಣೆಗೆ ವಿಭೂತಿ ಹಚ್ಚಿದ್ದಳು.

“ನೋಡ್ರಿ ಅಕ್ಕಾರ, ದಿನಾ ಜಳಕ ಮಾಡಸಾಕತ್ತೀನಿ. ಮದಲ ಎಲ್ಲಿ ಆಗತಿತ್ರೀ? ಊರಿಗೆಲ್ಲಾ ನೀರ್ ಬಿಡತಿದ್ರು, ತಮ್ಮ ಮೈಮ್ಯಾಲೆ ಹಾಕ್ಕೊಳ್ಳಾಕ ಒಂದ್ ಕೊಡ ಇರತಿರಲಿಲ್ಲ” ಎಂದು ಅವಳು ನಕ್ಕಳು. ಮತ್ತೆ ಗಂಡನತ್ತ ತಿರುಗಿ, “ಏನ್ರೀ, ನಿಮ್ಮ ನೌಕರಿ ಈಗ ಮಷೀನ್ ಮಾಡತೈತಿ. ಅದನ್ನ ತಂದಾಕಿ ಈ ಅಕ್ಕಾರ ನೋಡ್ರಿ” ಎಂದಳು.

ಚನ್ನವೀರಪ್ಪನ ಅರ್ಧ ಮುಖ ನಕ್ಕಿತು. “ಹಾಂ” ಎಂದ.

ಮಂದಾಕಿನಿ ಅಷ್ಟು ವರ್ಷದ ನೌಕರಿಯಲ್ಲಿ ಪಡೆದ ಯಾವ ಮೆಚ್ಚುಗೆಯೂ ಆ ಒಂದು ದನಿಯಷ್ಟು ಖುಷಿ ಕೊಟ್ಟಿರಲಿಲ್ಲ. ಮನೆಗೆ ಬಂದು ಗಂಡ ಪ್ರಭುಲಿಂಗನಿಗೆ ಅದನ್ನೇ ಎರಡು ಸಲ ಹೇಳಿದಳು.

ಮೊದಲ ಬೇಸಿಗೆ ಸುಸೂತ್ರವಾಗಿ ಕಳೆಯಿತು. ಎರಡನೆಯ ಬೇಸಿಗೆ ಹಿಂದೆಂದೂ ಕಾಣದಷ್ಟು ಕಾದುಬಂತು. ಮನೆಮನೆಯ ಕೂಲರುಗಳು ಹಗಲಿಡೀ ಓಡತೊಡಗಿದವು. ಮಿತವ್ಯಯ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ದೊಡ್ಡ ಪರದೆಯ ಮೇಲೆ ಕರೆಂಟು ಬಳಕೆಯ ಗೆರೆ ದಿನದಿಂದ ದಿನಕ್ಕೆ ಮೇಲೇರುತ್ತಿತ್ತು. ಅದು ಇನ್ನೊಂದಿಷ್ಟು ಏರಿದರೆ ಪಂಪು ನಿಲ್ಲಿಸಬೇಕು.

“ಮೇಡಂ, ಇದ್ರಾಗ ಪೋಲು ಭಾಳ ಐತ್ರಿ” ಎಂದ ಆಸೀಫ್. ಮಂದಾಕಿನಿಯ ಕೈಕೆಳಗಿನ ಎಂಜಿನಿಯರ್ ಅವನು. “ಕೆಲವು ಮನಿಗೆ ಹೋಗಿ ನೋಡಿದ್ವಿ. ಮನ್ಯಾಗ ಯಾರೂ ಇಲ್ಲ, ಫ್ಯಾನ್ ಮಾತ್ರ ತಿರಗತೈತಿ. ಫ್ಯಾನ್ ಗಾಳಿಗೆ ಕಿಟಕಿ ಪರದೆ ಅಲಗಾಡತೈತಿ. ಪರದೆ ಅಲಗಾಡೂದನ್ನ ನೋಡಿ ಕಣ್ಣು ಮಂದಿ ಅದಾರ ಅಂತ ತಿಳ್ಕೊಂಡು ಫ್ಯಾನ್ ಬಿಡತೈತಿ.”

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ಮಂದಾಕಿನಿಯೂ ನಕ್ಕಳು.

“ಕೆಲವರಿಗೆ ಇದು ಗೊತ್ತಾಗಿಬಿಟ್ಟೈತ್ರಿ. ಸೀರಿ ತುಂಡು ಕಟ್ಟಿ ಹೋಗತಾರ. ಬರೂದ್ರಾಗ ಮನಿ ತಂಪಿರಬೇಕಲ್ಲ!”

ಪರಿಹಾರ ಕಷ್ಟದ್ದಾಗಿರಲಿಲ್ಲ. ಎಷ್ಟು ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಮಿತಿಯೊಂದಿತ್ತು. ಅದನ್ನು ಮೇಲಕ್ಕೇರಿಸಿದರೆ ಪರದೆಯ ಅಲುಗಾಟ ಕಣ್ಣಿಗೆ ಬೀಳುವುದಿಲ್ಲ. ಆದರೆ ಪರದೆ ಅಲುಗುವಷ್ಟೇ ಸಣ್ಣದಾಗಿ ಅಲುಗುವ ಇನ್ನೊಂದು ವಸ್ತುವಿತ್ತು. ಅದು ಮಲಗಿದ ಮನುಷ್ಯನ ಎದೆ. ಉಸಿರಾಡುವಾಗಿನ ಏರಿಳಿತ.

ಅದು ಮಂದಾಕಿನಿಗೆ ತಿಳಿಯದ ಸಂಗತಿಯಲ್ಲ. ಆಸೀಫನೇ ಕೇಳಿದ: “ಉಸರಾಟಾನೂ ಬಿಟ್ಟು ಹೋಗತೈತಲ್ರಿ ಮೇಡಂ, ಮಲಗಿದವ್ರು?”

“ಮಲಗಿದವ್ರನ್ನ ಮೈಶಾಖದಿಂದ ಹಿಡೀತೈತಲ್ಲ. ಅದಕ್ಕಂತನ ಎರಡು ಇಟ್ಟಿದ್ದು” ಎಂದಳು ಮಂದಾಕಿನಿ. ಜನವರಿಯ ಪ್ರಯೋಗಾಲಯ, ಚಾಪೆಯ ಮೇಲೆ ಗೊರಕೆ ಹೊಡೆದ ಸಹೋದ್ಯೋಗಿಗಳು ಅವಳ ನೆನಪಿನಲ್ಲಿದ್ದರು. ಒಬ್ಬರೂ ತಪ್ಪಿರಲಿಲ್ಲ.

ಅವಳು ಮಿತಿ ಏರಿಸಿದಳು. ಊರಿನ ಎಲ್ಲ ಕಣ್ಣುಗಳಿಗೂ ಹೊಸ ಸೂಚನೆ ಒಂದೇ ಸಲಕ್ಕೆ ಹೋಯಿತು. ಮರುದಿನ ಮಧ್ಯಾಹ್ನ ನಿಯಂತ್ರಣ ಕೊಠಡಿಯ ಪರದೆಯ ಮೇಲಿನ ಗೆರೆ ಕಣ್ಣೆದುರೇ ಕೆಳಗಿಳಿಯಿತು. ಯಾರೋ ಚಪ್ಪಾಳೆ ಹೊಡೆದರು. ಕೇಂದ್ರದ ನಿರ್ದೇಶಕ ಜಯತೀರ್ಥರು ಎಲ್ಲರಿಗೂ ಐಸ್‌ಕ್ರೀಂ ತರಿಸಿದರು.

ಅದೇ ವಾರ ಚನ್ನವೀರಪ್ಪ ತೀರಿಕೊಂಡ.

ಮಂದಾಕಿನಿಗೆ ಸುದ್ದಿ ಮುಟ್ಟಿದ್ದು ಕೇಂದ್ರದಲ್ಲಿದ್ದಾಗ. ಪ್ರಭುಲಿಂಗ ಫೋನ್ ಮಾಡಿದ್ದ. ಖಾನಾವಳಿಯಿಂದ ಮರಳಿದ ದ್ರಾಕ್ಷಾಯಣಿ ಬಾಗಿಲು ತೆಗೆದಾಗ ಗಂಡನ ಮೈ ಕೆಂಡದಂತೆ ಸುಡುತ್ತಿತ್ತಂತೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು. ಧಗೆ ತಡೆಯದೆ ಹೋಗಿದ್ದಾರೆ ಎಂದು ಡಾಕ್ಟರು ಹೇಳಿದ್ದರು.

ಅವಳು ರಜೆ ಹಾಕಿ ನೇರ ಅವರ ಮನೆಗೆ ಹೋದಳು. ಚನ್ನವೀರಪ್ಪನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ದಟ್ಟ ವಿಭೂತಿ, ಕೊರಳಿಗೆ ಸೇವಂತಿಗೆ ಮಾಲೆ. ದ್ರಾಕ್ಷಾಯಣಿ ಅವನ ಕಾಲ ಬಳಿ ಕೂತಿದ್ದಳು, ಕಣ್ಣೀರಿಲ್ಲದೆ. ಪಕ್ಕದೂರಿನಿಂದ ಬಂದ ಮಗಳು ಪೂರ್ಣಿಮಾ ಬಾಗಿಲಿಗೆ ಆತುಕೊಂಡು ನಿಂತಿದ್ದಳು.

“ಅವ್ವಾ, ಖರೇ ಹೇಳು. ನೀ ಬಂದಾಗ ಫ್ಯಾನ್ ತಿರಗತಿತ್ತೋ ಇಲ್ಲೋ?” ಎಂದಳು ಪೂರ್ಣಿಮಾ. ಆಗಲೇ ಹಲವು ಸಲ ಕೇಳಿದ್ದಳೆಂದು ಅವಳ ದನಿಯಿಂದಲೇ ಗೊತ್ತಾಗುತ್ತಿತ್ತು.

“ತಿರಗತಿರಲಿಲ್ಲವ್ವಾ.”

“ಹಂಗಾದ್ರ ಯಾಕ ಹಚ್ಚಿ ಹೋಗಲಿಲ್ಲ?”

“ಹಚ್ಚಿದ್ನಿ…” ದ್ರಾಕ್ಷಾಯಣಿ ತನ್ನ ಬೆರಳನ್ನು ನೋಡಿಕೊಂಡಳು. “ಹಚ್ಚಿದ್ನಿ ಅನಸತೈತಿ. ದಿನಾ ಹಚ್ಚತೀನಿ. ಇವತ್ತ ಗಡಿಬಿಡ್ಯಾಗ ಏನಾತೋ…”

“ಸ್ವಿಚ್ ಆಫ್ ಇತ್ತಂತ ನೀನ ಹೇಳಿದಿ. ಮನ್ಯಾಗ ಮಂದಿ ಇದ್ರ ಕಣ್ಣು ಸ್ವಿಚ್ ಆರಿಸೂದಿಲ್ಲ, ಊರಿಗೆಲ್ಲ ಗೊತ್ತೈತಿ. ಅಪ್ಪ ಎಲ್ಲಿಗೆ ಹೋಗಿದ್ದ? ಮಂಚದ ಮ್ಯಾಲನ ಇದ್ನಲ್ಲ!” ಪೂರ್ಣಿಮಾ ಬಾಗಿಲ ಮೇಲಕ್ಕೆ ಕೈ ತೋರಿಸಿದಳು. “ಬಾಗಲ ಮ್ಯಾಲಿನ ಹಸರ ದೀಪ ಆರತೈತಿ ಅಂತ ಫ್ಯಾನ್ ಆರಿಸಿ ಹೋದೇನು?”

ಕೂತ ಹೆಂಗಸರಲ್ಲಿ ಒಬ್ಬಿಬ್ಬರು ಬಾಗಿಲ ಕಡೆ ನೋಡಿದರು. ಹಸಿರು ದೀಪ ಹತ್ತಿಯೇ ಇತ್ತು.

ಮಂದಾಕಿನಿ ಕೂತವರ ನಡುವೆ ದಾರಿ ಮಾಡಿಕೊಳ್ಳುತ್ತ ಗೋಡೆಗೆ ಕೈ ಊರಿದಳು. ಗೋಡೆ ಬೆಚ್ಚಗಿತ್ತು. ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಅವಳು ಕೈ ತೆಗೆಯದೆ ಹಾಗೇ ನಿಂತಳು. ಮಾಡಿನ ತಗಡು ಕಾದು, ಗೋಡೆ ಕಾದು, ನೆಲ, ಮಂಚ, ಕೊಡ ಎಲ್ಲವೂ ಮನುಷ್ಯರ ಮೈಯಷ್ಟೇ ಕಾದಿದ್ದವು. ಸುತ್ತಲಿನದೆಲ್ಲ ಮೈಯಷ್ಟೇ ಬೆಚ್ಚಗಿದ್ದರೆ, ಮೈ ಬೇರೆ ಗೋಡೆ ಬೇರೆ ಎಂದು ಕಣ್ಣಿಗೆ ಹೇಗೆ ತಿಳಿಯುತ್ತದೆ? ಅಂಥ ಹೊತ್ತಿನಲ್ಲಿ, ಕದಲದೆ ಮಲಗಿದ ಮನುಷ್ಯ ಇದ್ದಾನೆಂದು ಹೇಳಲು ಉಳಿಯುವುದು ಅವನ ಉಸಿರೊಂದೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಆ ವಾರವೇ ಅವಳು ಕಣ್ಣಿಗೆ ಹೇಳಿದ್ದಳು.

ಅಲ್ಲಿ ಯಾರಿಗೂ ಏನನ್ನೂ ಹೇಳದೆ ಅವಳು ಹೊರಬಿದ್ದಳು.

ಕೇಂದ್ರದ ಹಿಂಬದಿಯಲ್ಲಿ ಪರೀಕ್ಷೆಯ ಕೋಣೆಯೊಂದಿತ್ತು. ಅದರೊಳಗೆ ಹೀಟರುಗಳನ್ನಿಡಿಸಿ, ಗೋಡೆ ದ್ರಾಕ್ಷಾಯಣಿಯ ಮನೆಯ ಗೋಡೆಯಷ್ಟೇ ಬಿಸಿಯಾಗುವ ತನಕ ಕಾಯಿಸಿದಳು. ತಾನೇ ಮಲಗುತ್ತೇನೆಂದು ಹೊರಟಾಗ ಆಸೀಫ್ ತಡೆದ. “ನೀವು ಪರದೆ ನೋಡ್ರಿ. ನಾ ಮಲಗತೀನಿ.”

ಅವನು ಅಂಗಿ ಬಿಚ್ಚಿ ಚಾಪೆಯ ಮೇಲೆ ಅಂಗಾತ ಮಲಗಿದ. ಮಂದಾಕಿನಿ ಗಾಜಿನ ಈಚೆ ಕೂತಳು. ಅವಳ ಮುಂದಿನ ಸಣ್ಣ ಪರದೆಯಲ್ಲಿ ‘ಒಬ್ಬರು’ ಎಂದಿತ್ತು.

“ಅಲಗಬ್ಯಾಡ ಆಸೀಫ್. ಕೈಕಾಲು ಏನೂ.”

ಗಾಜಿನಾಚೆ ಅವನ ಎದೆ ಏರಿ ಇಳಿಯುತ್ತಿತ್ತು. ಹಣೆಯ ಬೆವರು ಕಿವಿಯ ಕಡೆ ಹರಿಯಿತು. ಅವನು ಒರೆಸಿಕೊಳ್ಳಲಿಲ್ಲ. ಮಂದಾಕಿನಿ ಒಮ್ಮೆ ಅವನನ್ನು, ಒಮ್ಮೆ ಪರದೆಯನ್ನು ನೋಡುತ್ತಿದ್ದಳು. ‘ಒಬ್ಬರು’ ಎಂಬುದು ಮಿನುಗಿತು. ಮಾಯವಾಯಿತು. ‘ಖಾಲಿ’ ಎಂದು ಬಂತು. ಸ್ವಲ್ಪ ಹೊತ್ತಿಗೆ ಒಳಗಿನ ಸ್ವಿಚ್ಚು ಟಪ್ಪೆಂದು ಆರಿತು. ತಿರುಗುತ್ತಿದ್ದ ಫ್ಯಾನು ನಿಧಾನವಾಗುತ್ತ ಬಂದು ನಿಂತಿತು.

ಆಸೀಫ್ ಕಣ್ಣು ತೆರೆದು ಫ್ಯಾನು ನೋಡಿದ. ಆದರೂ ಅಲುಗಲಿಲ್ಲ. ಅವಳು ಎದ್ದುಹೋಗಿ ಬಾಗಿಲು ತೆರೆಯುವವರೆಗೂ ಹಾಗೇ ಮಲಗಿದ್ದ.

“ಮೇಡಂ,” ಎಂದ ಹೊರಗೆ ಬಂದು, ನೀರು ಕುಡಿದ ಮೇಲೆ, “ಊರಾಗ ಹಿಂಗ ಹಾಸಗಿ ಹಿಡಿದವ್ರು ಎಷ್ಟ ಮಂದಿ ಇರಬಹುದ್ರಿ?”

ಆ ವಾರ ಧಗೆಗೆ ಸತ್ತವರು ಊರಿನಲ್ಲಿ ಇನ್ನೂ ಕೆಲವರಿದ್ದರು. ಅವರಲ್ಲಿ ಯಾರು ಬರೀ ಧಗೆಗೆ, ಯಾರು ಕಣ್ಣು ನಿಲ್ಲಿಸಿದ ಫ್ಯಾನಿನ ಕೆಳಗೆ ಎಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಆ ಸಂಜೆಯೇ ಅವಳು ಮಿತಿಯನ್ನು ಮೊದಲಿನ ಜಾಗಕ್ಕೆ ಇಳಿಸಿದಳು. ಯಾರ ಅನುಮತಿಗೂ ಕಾಯಲಿಲ್ಲ. ಆಮೇಲೆ ಜಯತೀರ್ಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಜಯತೀರ್ಥರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣುಜ್ಜಿಕೊಂಡರು. “ಇಳಿಸಿದ್ದು ಒಳ್ಳೇದಾಯ್ತು. ನಾನಾದರೂ ಅದನ್ನೇ ಹೇಳ್ತಿದ್ದೆ” ಎಂದರು. “ನೀರು ಇನ್ನು ದಿನ ಬಿಟ್ಟು ದಿನ ಬರುತ್ತೆ. ಬೈಸಿಕೊಳ್ಳೋಣ. ದುರಸ್ತಿ ನಡೀತಿದೆ ಅಂತ ಹೇಳಿದರಾಯ್ತು.”

“ಮತ್ತ ಕಾರಣ ಸರ್? ಜನಕ್ಕ ಹೇಳಬ್ಯಾಡ್ವಾ?”

“ಏನಂತ ಹೇಳ್ತೀರಿ ಮಂದಾಕಿನಿ? ಕಣ್ಣು ಮನುಷ್ಯರನ್ನ ಕೊಲ್ಲುತ್ತೆ ಅಂತಲಾ? ನಾಳೆ ಬೆಳಿಗ್ಗೆ ಊರಿನವರೆಲ್ಲ ಅದನ್ನ ಕಿತ್ತು ಬಿಸಾಡ್ತಾರೆ. ಪಂಪು ನಿಲ್ಲುತ್ತೆ. ಈ ಬಿಸಿಲಲ್ಲಿ ನೀರಿಲ್ಲದೆ ಎಷ್ಟು ಜನ ಸಾಯ್ತಾರೆ ನೀವೇ ಯೋಚನೆ ಮಾಡಿ. ತಪ್ಪು ಸರಿಯಾಯ್ತಲ್ಲ, ಮುಂದೆ ಯಾರಿಗೂ ಹೀಗಾಗಲ್ಲ. ಮಳೆ ಬೀಳಲಿ, ಎಲ್ಲ ತಣ್ಣಗಾಗಲಿ. ಆಮೇಲೆ ಹೇಗೆ ಹೇಳಬೇಕೋ ಹೇಳೋಣ.”

ಆ ಮಾತಿನಲ್ಲಿ ಅವಳಿಗೆ ಹುಳುಕು ಕಾಣಲಿಲ್ಲ. ಅಥವಾ ಕಾಣಲು ಅವಳಿಗೆ ಮನಸ್ಸಿರಲಿಲ್ಲ. ಸುಮ್ಮನಾದಳು.

ನೀರು ದಿನ ಬಿಟ್ಟು ದಿನ ಬಂತು. ಜನ ಬೈದರು, ಮತ್ತೆ ಬ್ಯಾರಲ್ ತುಂಬಿಡತೊಡಗಿದರು. ಮಳೆ ಹಿಂದೆಬಿದ್ದಿತ್ತು. ಮಂದಾಕಿನಿ ಕೇಂದ್ರಕ್ಕೆ ಹೋಗುವಾಗ ಚನ್ನವೀರಪ್ಪನ ಮನೆಯ ಮುಂದೆ ಹಾಯುವುದು ಬೇಡವೆಂದು ಬಳಸುದಾರಿ ಹಿಡಿದಳು.

ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಭುಲಿಂಗ ತಟ್ಟೆ ನೋಡಿ, “ಈಗ ಬಜಾರದ ರೊಟ್ಟಿ ತರಾಕತ್ತೀಯೇನು?” ಎಂದ.

“ದ್ರಾಕ್ಷಾಯಣಕ್ಕ ಮಾಡಾಕತ್ತಿಲ್ಲ.”

“ಮಾಡಿದ್ರೂ ತಗೊಳ್ಳವ್ರು ಯಾರು? ಓಣ್ಯಾಗಿನ ಮಾತು ಕೇಳೀಯೋ ಇಲ್ಲೋ? ಗಂಡ ಭಾರ ಆಗಿದ್ದ, ಅದಕ್ಕ ಬೇಕಂತನ ಫ್ಯಾನ್ ಆರಿಸಿ ಹೋದ್ಲು ಅಂತ ಕೆಲವರು. ಹಸರ ದೀಪದ ಆಸೆಕ್ಕ ಅಂತ ಕೆಲವರು. ಖಾನಾವಳಿಯವ್ರೂ ಬರಬ್ಯಾಡ ಅಂದ್ರಂತ. ಮಗಳಂತೂ ಫೋನ ಎತ್ತೂದಿಲ್ಲಂತ.” ಅವನು ತುತ್ತು ಕಲಸುತ್ತ ತಡೆದ. “ನಾಲ್ಕು ವರ್ಷ ಕೂಸಿನಂಗ ನೋಡ್ಕೊಂಡಾಕಿ. ಮಂದಿ ಬಾಯಿ ನೋಡು.”

ಮಂದಾಕಿನಿಯ ಕೈ ತಟ್ಟೆಯಲ್ಲೇ ಉಳಿಯಿತು. ತಪ್ಪು ಸರಿಯಾಗಿದೆ, ಯಾರಿಗೂ ಇನ್ನು ತೊಂದರೆಯಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಊರಿನವರ ಪಾಲಿಗೆ ಅದು ನಿಜವಾಗಿತ್ತು. ಆ ಒಂದು ಮನೆಯ ಪಾಲಿಗೆ ಮಾತ್ರ ಅಲ್ಲ. ಅಲ್ಲಿ ದಿನವೂ ಏನೋ ನಡೆಯುತ್ತಿತ್ತು, ಅದನ್ನು ನಿಲ್ಲಿಸಬಲ್ಲವಳು ತಾನೊಬ್ಬಳೇ ಎಂದು ಗೊತ್ತಿದ್ದೂ ಅವಳು ಬಳಸುದಾರಿ ಹಿಡಿದಿದ್ದಳು.

ಅವಳು ಊಟ ಬಿಟ್ಟೆದ್ದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಪ್ರಭುಲಿಂಗ ಕೊನೆಗೆ, “ನಾನೂ ಬರ್ಲ್ಯಾ?” ಎಂದಷ್ಟೇ ಕೇಳಿದ. ಬೇಡವೆಂದಳು.

ದ್ರಾಕ್ಷಾಯಣಿಯ ಬಾಗಿಲು ತೆರೆದಿತ್ತು. ಒಳಗೆ ಕುದಿಯುವ ಸೆಕೆ. ಫ್ಯಾನು ನಿಂತಿತ್ತು. ಅದರ ಕೆಳಗೆ, ಖಾಲಿ ಮಂಚದ ಪಕ್ಕ ನೆಲದ ಮೇಲೆ ಅವಳು ಕೂತಿದ್ದಳು. ಕುಪ್ಪಸ ಬೆವರಿಗೆ ಬೆನ್ನಿಗಂಟಿತ್ತು. ಕೆಲವೇ ವಾರಗಳಲ್ಲಿ ಮುಖದ ಮೂಳೆ ಎದ್ದು ಕಾಣುವಂತಾಗಿತ್ತು.

“ಫ್ಯಾನ್ ಯಾಕ ಹಚ್ಚಿಲ್ಲ ದ್ರಾಕ್ಷಾಯಣಕ್ಕಾ?”

“ಬ್ಯಾಡ್ರಿ ಅಕ್ಕಾರ. ಅವ್ರಿಗೆ ಹಚ್ಚಲಾರದ್ದು ನನಗ್ಯಾಕ?” ಎದ್ದು ಚಾಪೆ ಹಾಸಿದಳು. “ಕುಂದರ್ರಿ. ದಿನಾ ಕುಂತು ನೆನಸತೀನ್ರಿ. ಗಂಜಿ ಕುಡಿಸಿದ್ದು ನೆನಪೈತಿ, ಬಾಯಿ ಒರಸಿದ್ದು ನೆನಪೈತಿ. ಸ್ವಿಚ್ ಒತ್ತಿದ್ದು ಒಮ್ಮೆ ನೆನಪೈತಿ ಅನಸತೈತಿ, ಒಮ್ಮೆ ಇಲ್ಲ ಅನಸತೈತಿ. ಎಷ್ಟ ನೆನಸಿದ್ರೂ…”

“ನೀವು ಹಚ್ಚಿ ಹೋಗಿದ್ರಿ” ಎಂದಳು ಮಂದಾಕಿನಿ.

ದ್ರಾಕ್ಷಾಯಣಿ ತಲೆಯೆತ್ತಿದಳು.

ಮಂದಾಕಿನಿ ಹೇಳಿದಳು. ಮೈಶಾಖ, ಗೋಡೆಯ ಬಿಸಿ, ಉಸಿರಿನ ಅಲುಗಾಟ, ತಾನು ಏರಿಸಿದ ಮಿತಿ. ಸುಲಭದ ಮಾತು ಹುಡುಕಿ ಹುಡುಕಿ, ಎಲ್ಲಿಯೂ ‘ನಾವು’ ಎನ್ನದೆ ‘ನಾನು’ ಎಂದೇ ಹೇಳಿದಳು. ದ್ರಾಕ್ಷಾಯಣಿ ನಡುವೆ ಬಾಯಿ ಹಾಕಲಿಲ್ಲ.

“ಅಂದ್ರ, ಅವ್ರು ಉಸರಾಡತಿದ್ರು. ಮ್ಯಾಲಿನ ಅದಕ್ಕ ಕಾಣಲಿಲ್ಲ.”

“ಹೌದು.”

“ನಾ ಹಚ್ಚಿ ಹೋಗಿದ್ನಿ.”

“ಹೌದು. ನೀವು ಹಚ್ಚಿ ಹೋಗಿದ್ರಿ.”

ದ್ರಾಕ್ಷಾಯಣಿ ಸೆರಗನ್ನು ಬಾಯಿಗೊತ್ತಿಕೊಂಡಳು. ಗಂಡ ಸತ್ತ ದಿನ ಬಾರದ ಅಳು ಈಗ ಬಂತು. ಮಂದಾಕಿನಿ ಅವಳ ಹೆಗಲ ಮೇಲೆ ಕೈಯಿಡಲು ಹೋದಳು. ದ್ರಾಕ್ಷಾಯಣಿ ಆ ಕೈಯನ್ನು ಮೆಲ್ಲಗೆ, ಸಿಟ್ಟಿಲ್ಲದೆ ಸರಿಸಿದಳು.

“ಯಾವಾಗ ಗೊತ್ತಾತ್ರೀ ನಿಮಗ?” ಎಂದಳು ಅಳು ನಿಂತ ಮೇಲೆ.

ಮಂದಾಕಿನಿ ಸುಳ್ಳು ಹೇಳಲಿಲ್ಲ. “ಅವತ್ತ. ಅವ್ರನ್ನ ಗ್ವಾಡಿಗೆ ಒರಗಿಸಿ ಕುಂದರಿಸಿದ್ದಾಗ.”

“ಅವತ್ತ ನೀವು ಇಲ್ಲೇ ನಿಂತಿದ್ರಿ. ನನ್ನ ಮಗಳು ನನಗ ಅಂದದ್ದೆಲ್ಲಾ ಕೇಳಿದ್ರಿ.” ಅವಳ ದನಿ ಏರಲಿಲ್ಲ. “ಅವ್ರು ಸತ್ತದ್ದು ಗೊತ್ತಿಲ್ಲದ ಆದ ತಪ್ಪು ಅಂತೀರಿ. ಇರಲಿ. ಇಷ್ಟ ದಿನದ್ದು ಏನ್ರಿ?”

ಮಂದಾಕಿನಿ ಖಾಲಿ ಮಂಚದತ್ತ ನೋಡಿದಳು.

“ನನಗ ಹೇಳಿದ್ರ ಸಾಲೂದಿಲ್ರಿ. ನನ್ನ ಮಗಳಿಗೆ ಹೇಳ್ರಿ. ಓಣಿಗೆ ಹೇಳ್ರಿ. ನಾ ಹೇಳಿದ್ರ ತಪ್ಪು ಮುಚಗೊಳ್ಳಾಕ ಹೇಳತಾಳ ಅಂತಾರ. ನಿಮ್ಮ ಬಾಯಿಂದ ಹೇಳ್ರಿ.”

ಮಂದಾಕಿನಿ ಅಲ್ಲಿಂದಲೇ ಪೂರ್ಣಿಮಾಳಿಗೆ ಫೋನ್ ಮಾಡಿ, ನಿಮ್ಮ ತಂದೆಯ ವಿಷಯ ಮಾತಾಡುವುದಿದೆ, ನಾಳೆ ಬನ್ನಿ ಎಂದಳು. ಆಮೇಲೆ ಜಯತೀರ್ಥರಿಗೆ ಫೋನ್ ಮಾಡಿ, ನಾಳೆ ಓಣಿಯವರಿಗೆಲ್ಲ ಹೇಳುತ್ತೇನೆ ಎಂದಳು.

“ಮಳೆ ಬೀಳೋತನಕ ಅಂದಿದ್ದೆವಲ್ಲ?” ಎಂದರು ಅವರು.

“ಮಳೆ ಬೀಳೋತನಕ ತಡ್ಕೊಳ್ಳೋರು ನಾವಲ್ಲ ಸರ್, ದ್ರಾಕ್ಷಾಯಣಕ್ಕ” ಎಂದಳು.

“ನಿಮ್ಮ ನೌಕರಿ ಉಳಿಸೋದು ನನ್ನ ಕೈಲಿ ಆಗಲ್ಲ, ಮಂದಾಕಿನಿ” ಎಂದು ಫೋನ್ ಇಟ್ಟರು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಪೂರ್ಣಿಮಾ ಬಂದಳು. ತಾಯಿಯ ಮನೆಯೊಳಗೆ ಕಾಲಿಡದೆ ಓಣಿಯಲ್ಲೇ ನಿಂತಳು. ಅಂದು ನೀರು ಬರುವ ದಿನ. ನಲ್ಲಿಯ ಬಳಿ ಕೊಡ ಹಿಡಿದ ಹೆಂಗಸರು, ಕಟ್ಟೆಯ ಮೇಲೆ ಗಂಡಸರು. ಮಂದಾಕಿನಿ ಅವರೆಲ್ಲರ ನಡುವೆ ಬಂದು ನಿಂತಾಗ ಆಸೀಫನೂ ಬಂದು ಅವಳ ಪಕ್ಕಕ್ಕೆ ನಿಂತ. ಬಾ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವಳು ಹಿಂದಿನ ದಿನ ಹೇಳಿದ್ದನ್ನೇ ಮತ್ತೆ ಹೇಳಿದಳು. ಮೊದಲು ಕೊಡಗಳ ಸದ್ದಿತ್ತು. ಆಮೇಲೆ ಅದೂ ನಿಂತಿತು. ನಲ್ಲಿಯ ನೀರು ತುಂಬಿದ ಕೊಡದಿಂದ ಚೆಲ್ಲಿ ಹರಿಯುತ್ತಿದ್ದರೂ ಯಾರೂ ಬಗ್ಗಿ ನಿಲ್ಲಿಸಲಿಲ್ಲ. “ದ್ರಾಕ್ಷಾಯಣಕ್ಕ ಅವತ್ತ ಫ್ಯಾನ್ ಹಚ್ಚೇ ಹೋಗಿದ್ರು. ಅದನ್ನ ಆರಿಸಿದ್ದು ನಾ ಮಾಡಿದ ತಪ್ಪು. ಗೊತ್ತಾದ ಮ್ಯಾಲೂ ಬಾಯಿ ಮುಚ್ಚಿಕೊಂಡು ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು” ಎಂದಳು.

ಒಬ್ಬ ಮುದುಕ ಕಟ್ಟೆಯಿಂದ ಇಳಿದು, ತಲೆಯಾಡಿಸಿ ತನ್ನ ಮನೆಗೆ ಹೊರಟ. ಅವನ ಹಿಂದೆ ಇನ್ನೊಬ್ಬ. ಸ್ವಲ್ಪ ಹೊತ್ತಿಗೆ ಆ ಮನೆಗಳಿಂದ ಸೂರಿನ ಬಿಲ್ಲೆ ಕೀಳುವ ಸದ್ದು ಕೇಳಿಬಂತು. ಪಂಪು, ಟಾಕಿ, ದಿನದ ನೀರು, ಹತ್ತು ವರ್ಷದ ಕೆಲಸ ಎಲ್ಲವೂ ಮಂದಾಕಿನಿಯ ಕಣ್ಣ ಮುಂದೆ ಹಾದುಹೋದವು. ಕಿತ್ತುಹಾಕಬೇಡಿ, ಈಗ ಅದು ಸರಿಯಾಗಿದೆ ಎಂದು ಕೂಗಿ ಹೇಳಬೇಕೆನಿಸಿತು. ಅದನ್ನು ಹೇಳುವ ಬಾಯಿ ಈಗ ತನ್ನದಲ್ಲ ಎಂದು ತಿಳಿದು ಸುಮ್ಮನಿದ್ದಳು.

ಪೂರ್ಣಿಮಾ ಮುಖ ಮುಚ್ಚಿಕೊಂಡಿದ್ದಳು. ಅವಳ ಸಿಟ್ಟು ಯಾರ ಮೇಲೂ ಹರಿಯಲಿಲ್ಲ. ಹರಿಯಲು ಅದರಲ್ಲಿ ಕಸುವೇ ಉಳಿದಿರಲಿಲ್ಲ. “ಅಪ್ಪನ ಮುಂದ ನಿಂತು ಅಂದ್ನಲ್ಲ ಅವ್ವಾ” ಎಂದಳು, ಬಾಗಿಲಲ್ಲಿ ನಿಂತ ತಾಯಿಯತ್ತ ನೋಡುವ ಧೈರ್ಯವಿಲ್ಲದೆ. “ಎಂಥಾ ಮಾತು ಅಂದ್ನಿ…”

ದ್ರಾಕ್ಷಾಯಣಿ ಹೊಸ್ತಿಲು ದಾಟಿ ಬಂದಳು. ಬರಿಗಾಲಿಗೆ ಕಾದ ನೆಲ ಚುರುಗುಟ್ಟಿದರೂ ನಿಲ್ಲದೆ ಬಂದು, ಸೆರಗಿನಿಂದ ಮಗಳ ಮುಖ ಒರೆಸಿ, ತೋಳು ಹಿಡಿದಳು.

“ಬಾ, ಒಳಗ ಬಾ. ಬಿಸಲಾಗ ಎಷ್ಟೊತ್ತ ನಿಂದರತಿ?”

ತಾಯಿ ಮಗಳು ಒಳಗೆ ಹೋದರು. ಬಾಗಿಲು ಮುಚ್ಚಿತು. ಒಳಗಿನಿಂದ ಫ್ಯಾನು ತಿರುಗತೊಡಗಿದ ಸದ್ದು ಕೇಳಿಸಿತು. ಮಂದಾಕಿನಿ ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ, ಒಳಗೆ ಬಾ ಎಂದು ಕರೆಯುವವರು ಆ ಓಣಿಯಲ್ಲಿ ಯಾರೂ ಇಲ್ಲವೆಂದು ಗೊತ್ತಾಗಿ, ಬಳಸುದಾರಿ ಹಿಡಿಯದೆ ಎಲ್ಲರ ಮನೆಯ ಮುಂದೆಯೇ ಹಾದು ತನ್ನ ಮನೆಯತ್ತ ನಡೆದಳು.